ರೈಲು ಕಾಣದವರು ಬರೆದ ರೈಲು: ಶೇಖಾವತಿಯಲ್ಲಿ ಒಂದು ಸುತ್ತು

ಗುರುವಾರ: ಜೈಪುರದಿಂದ ನವಲ್‌ಗಢ

ರಾಜಸ್ಥಾನಕ್ಕೆ ಹೊರಟಿದ್ದೇವೆ ಅಂದರೆ ಎಲ್ಲರ ಬಾಯಲ್ಲೂ ಜೈಸಲ್ಮೇರ್, ಇಲ್ಲವೇ ಉದಯಪುರ. ಶೇಖಾವತಿ ಅಂದ ಕೂಡಲೇ "ಅದೆಲ್ಲಿ ಬರ್ತದ?" ಎಂಬ ಪ್ರಶ್ನೆ. ಜೈಪುರದ ಉತ್ತರಕ್ಕೆ ಸೀಕರ್, ಝುಂಝುನು ಜಿಲ್ಲೆಗಳು, ಜೊತೆಗೆ ಚೂರು ಜಿಲ್ಲೆಯ ಒಂದಿಷ್ಟು ಭಾಗ ಸೇರಿದ ಅರೆ ಮರುಭೂಮಿ ಇದು. ಹೆಸರು ಬಂದದ್ದು ಹದಿನೈದನೇ ಶತಮಾನದ ರಾವ್ ಶೇಖಾ ಎಂಬ ಕಛವಾಹಾ ರಜಪೂತನಿಂದ. ಆದರೆ ಇಂದು ಈ ಸೀಮೆಗೆ ಜನ ಬರುವುದು ರಜಪೂತರ ಕೋಟೆ ನೋಡಲಿಕ್ಕಲ್ಲ, ಬನಿಯಾಗಳು, ಅಂದರೆ ವ್ಯಾಪಾರಿ ಸೇಟುಗಳು, ಗೋಡೆ ತುಂಬ ಚಿತ್ರ ಬರೆಸಿ ಕಟ್ಟಿಸಿದ ಹವೇಲಿ ಎಂಬ ದೊಡ್ಡ ಮನೆಗಳನ್ನು ನೋಡಲಿಕ್ಕೆ. ಬಿರ್ಲಾ, ಗೋಯೆಂಕಾ, ಪೋದಾರ್, ಸಿಂಘಾನಿಯಾ, ಝುಂಝುನ್‌ವಾಲಾ ಮನೆತನಗಳೆಲ್ಲ ಈ ಮರಳಿನಿಂದ ಎದ್ದು ಹೋದವು. ನಮ್ಮ ಗದಗ, ಹುಬ್ಬಳ್ಳಿ ಪೇಟೆಯಲ್ಲಿ ಗಿರವಿ ಅಂಗಡಿ ಇಟ್ಟ ಸೇಟುಗಳ ಊರು ಇದೇ ಇರಬೇಕು ಎಂದು ಸುಮಾ ಅಂದುಕೊಂಡಿದ್ದಳು. ಅವರಲ್ಲಿ ಹೆಚ್ಚಿನವರು ಪಾಲಿ, ಜಾಲೋರ್, ಸಿರೋಹಿ ಕಡೆಯವರು. ಅದು ರಾಜಸ್ಥಾನದ ಇನ್ನೊಂದು ಮೂಲೆ. ಶೇಖಾವತಿಯ ಸೇಟುಗಳು ಹಿಡಿದದ್ದು ಕಲ್ಕತ್ತೆಯ ದಾರಿ.

ನಾನು, ಸುಮಾ, ಮತ್ತು ನಮ್ಮ ಕಾಕಾ. ಕಾಕಾ ಜೀವಮಾನವೆಲ್ಲ ಗದಗದಲ್ಲಿ ಕಟ್ಟಡ ಕಂಟ್ರಾಕ್ಟರ್ ಆಗಿದ್ದವರು. ಚಿತ್ರಗಳ ಬಗ್ಗೆ ಅವರಿಗೆ ಅಷ್ಟೇನೂ ಆಸಕ್ತಿ ಇರಲಿಲ್ಲ, "ಸುಣ್ಣದ ಗಾರೆ ಭಾಳ ಚಲೋ ಮಾಡ್ಯಾರಂತ, ಅದನ್ನ ನೋಡಬೇಕು" ಎಂದು ಬಂದರು.

ಜೈಪುರದಲ್ಲಿ ಬಾಡಿಗೆ ಕಾರು ಹಿಡಿದು ಸೀಕರ್ ರಸ್ತೆಗೆ ಬಿದ್ದೆವು. ಜನವರಿ. ಎರಡೂ ಕಡೆ ಸಾಸಿವೆ ಹೂ ಬಿಟ್ಟು ಹೊಲವೆಲ್ಲ ಹಳದಿ. ಮರುಭೂಮಿ ಅಂದದ್ದು ಸುಳ್ಳೇ ಅನ್ನಿಸುವಷ್ಟರಲ್ಲಿ ನಡುನಡುವೆ ಬೋಳು ಮರಳು ದಿಬ್ಬ, ಅದರ ಮೇಲೆ ಟೊಂಗೆ ಕಡಿಸಿಕೊಂಡು ನಿಂತ ಖೇಜಡಿ ಮರ. ಖೇಜಡಿ ಅಂದರೆ ನಮ್ಮ ಬನ್ನಿ. ದಸರೆಗೆ ಎಲೆ ಹಂಚಿ "ಬಂಗಾರದಂಗ ಇರೋಣು" ಅನ್ನುವ ನಾವು ಅದರ ಕಾಯಿ ಪಲ್ಯ ತಿಂದವರಲ್ಲ. ಇಲ್ಲಿ ಅದೇ ಸಾಂಗ್ರಿ. ಒಣಗಿಸಿಟ್ಟು ವರ್ಷವಿಡೀ ತಿನ್ನುತ್ತಾರೆ.

ಸೀಕರ್ ಬಂತು ಅನ್ನುವುದಕ್ಕೆ ಗುರುತು ಕೋಚಿಂಗ್ ಸೆಂಟರುಗಳ ಬೋರ್ಡು. ನೀಟ್ ರ್‍ಯಾಂಕು ಬಂದ ಮಕ್ಕಳ ಮುಖ ಕಂಬ ಕಂಬಕ್ಕೂ. ಅಲ್ಲಿಂದ ಮೂವತ್ತು ಕಿಲೋಮೀಟರ್ ನವಲ್‌ಗಢ. ಹೊರವಲಯದಲ್ಲಿ ಹಳೆಯ ಬಾವಿಗಳು ಕಂಡವು. ಎತ್ತರದ ಕಟ್ಟೆ, ಮೂಲೆಗೊಂದರಂತೆ ಮಿನಾರು. ಮಸೀದಿಯೋ ಎಂದು ಸುಮಾ ಕೇಳಿದಳು. ಮರಳಿನಲ್ಲಿ ದಾರಿ ಹಿಡಿದು ಬರುವ ಒಂಟೆ ತಂಡಗಳಿಗೆ ದೂರದಿಂದಲೇ ನೀರಿನ ಜಾಗ ಕಾಣಲಿ ಎಂದು ಎಬ್ಬಿಸಿದ ಕಂಬಗಳು ಅವು. ಈಗ ಬಾವಿ ಒಣಗಿ ಮಿನಾರಿನ ಮೇಲೆ ಪಾರಿವಾಳಗಳಿವೆ.

ರಾತ್ರಿ ಊಟಕ್ಕೆ ಸಜ್ಜೆ ರೊಟ್ಟಿ, ಸಾಂಗ್ರಿಗೆ ಕೇರ್ ಎಂಬ ಮರುಭೂಮಿಯ ಸಣ್ಣ ಕಾಯಿ ಸೇರಿಸಿದ ಕೇರ್-ಸಾಂಗ್ರಿ ಪಲ್ಯ, ಕಢಿ. ರೊಟ್ಟಿ ನಮ್ಮದಕ್ಕಿಂತ ದಪ್ಪ, ಮೇಲೆ ತುಪ್ಪ ಧಾರಾಳ. ಕಾಕಾ ಚೀಲದಿಂದ ಶೇಂಗಾ ಚಟ್ನಿಪುಡಿ ತೆಗೆದರು. ಅಡಿಗೆಯವನೂ ಒಂದು ಚಮಚ ಕೇಳಿ ಹಾಕಿಸಿಕೊಂಡ. ಚಳಿ ಮಾತ್ರ ವಿಪರೀತ. ನೀರು ಮುಟ್ಟಲಾಗುವುದಿಲ್ಲ.

ಶುಕ್ರವಾರ: ನವಲ್‌ಗಢ

ನವಲ್‌ಗಢ ಕಟ್ಟಿದ್ದು ಠಾಕೂರ್ ನವಲ್ ಸಿಂಗ್, 1737ರಲ್ಲಿ. ಊರಿನ ಹಳೆ ಪೇಟೆಯಲ್ಲಿ ನಡೆಯುವುದೇ ಒಂದು ನೋಟ. ಮೊಬೈಲ್ ರಿಪೇರಿ ಅಂಗಡಿಯ ಮೇಲೆ ಕೃಷ್ಣ ಗೋಪಿಯರ ಸೀರೆ ಕದಿಯುತ್ತಿರುತ್ತಾನೆ, ಹೇರ್ ಕಟಿಂಗ್ ಸಲೂನಿನ ಪಕ್ಕದಲ್ಲಿ ಟೋಪಿ ಇಟ್ಟ ಸಾಹೇಬ ಗ್ರಾಮಫೋನ್ ಕೇಳುತ್ತಿರುತ್ತಾನೆ, ಅವನ ಮೊಣಕಾಲಿಗೆ ಸರಿಯಾಗಿ ಕರೆಂಟಿನ ಮೀಟರು.

ಮೊದಲು ಪೋದಾರ್ ಹವೇಲಿ. 1902ರಲ್ಲಿ ಆನಂದಿಲಾಲ್ ಪೋದಾರ್ ಕಟ್ಟಿಸಿದ್ದು. ಈಗ ನಮ್ಮ ಊರುಗಳಲ್ಲೂ ಬೋರ್ಡು ಕಾಣುವ ಪೋದಾರ್ ಶಾಲೆಗಳ ಮೂಲಪುರುಷ. ಮನೆಯೊಳಗೆ ಮ್ಯೂಸಿಯಂ ಮಾಡಿದ್ದಾರೆ: ಪೇಟಗಳು, ಮದುವಣಗಿತ್ತಿಯ ಉಡುಪು, ಕೋಟೆಗಳ ಮಾದರಿ. ಅವನ್ನೆಲ್ಲ ಬೇಗ ದಾಟಬಹುದು. ನಿಲ್ಲಬೇಕಾದ್ದು ಅಂಗಳಗಳಲ್ಲಿ. ಹವೇಲಿಯ ವಿನ್ಯಾಸ ನಮ್ಮ ಕಡೆ ದೇಸಾಯರ ವಾಡೆ ನೋಡಿದವರಿಗೆ ಪರಕೀಯ ಅನ್ನಿಸದು. ದೊಡ್ಡ ಬಾಗಿಲು ದಾಟಿದರೆ ಹೊರಗಿನ ಚೌಕ, ಅದರ ಪಕ್ಕ ಗಾದಿ ಹಾಸಿದ ಬೈಠಕ್, ಅಲ್ಲಿ ವ್ಯವಹಾರ. ಇನ್ನೊಂದು ಬಾಗಿಲು ದಾಟಿದರೆ ಒಳ ಚೌಕ, ಹೆಣ್ಣುಮಕ್ಕಳದ್ದು. ಎರಡನೇ ಬಾಗಿಲಿನ ಮಗ್ಗುಲಲ್ಲಿ ಸಣ್ಣ ಕಿಟಕಿ, ಬಂದವರು ಯಾರೆಂದು ಒಳಗಿನಿಂದಲೇ ನೋಡಲು. ಗಂಡಸರು ಕಲ್ಕತ್ತೆಯಲ್ಲೋ ಮುಂಬೈಯಲ್ಲೋ ವರ್ಷಗಟ್ಟಲೆ ಇರುತ್ತಿದ್ದರು. ಇಷ್ಟು ದೊಡ್ಡ ಮನೆಯಲ್ಲಿ ನಿಜವಾಗಿ ಬದುಕಿದ್ದು ಒಳ ಚೌಕದ ಹೆಂಗಸರು, ಮಕ್ಕಳು, ಮುದುಕರು. ದುಡ್ಡು ಅಲ್ಲಿಂದ ಬರುತ್ತಿತ್ತು, ಗೋಡೆ ಇಲ್ಲಿ ಏಳುತ್ತಿತ್ತು.

ಒಂದು ಕಡೆ ಆನೆ ಮತ್ತು ಗೂಳಿಗೆ ಒಂದೇ ತಲೆ. ಎಡಭಾಗ ಮುಚ್ಚಿದರೆ ಆನೆ, ಬಲಭಾಗ ಮುಚ್ಚಿದರೆ ಗೂಳಿ. ನಮ್ಮ ದೇವಸ್ಥಾನದ ಕಂಬಗಳಲ್ಲಿ ಗಜ-ವೃಷಭ ನೋಡಿದವರಿಗೆ ಹಳೆಯ ಪರಿಚಯ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ರೈಲು. ಉದ್ದಕ್ಕೆ ಹರಡಿದ ಡಬ್ಬಿಗಳು, ಪ್ರತಿ ಡಬ್ಬಿಗೂ ಕಮಾನಿನ ಕಿಟಕಿ, ಕಿಟಕಿಯಲ್ಲಿ ಪೇಟ ಸುತ್ತಿದ ಮುಖ. ನೋಡುತ್ತಾ ನಿಂತರೆ ಗೊತ್ತಾಗುತ್ತದೆ, ಅದು ರೈಲಲ್ಲ. ಗಾಲಿ ಹಚ್ಚಿದ ಹವೇಲಿ. ಸೀಕರ್‌ನಿಂದ ಈ ಕಡೆಗೆ ರೈಲು ಬಂದದ್ದು 1920ರ ದಶಕದಲ್ಲಿ. ಅದಕ್ಕೂ ಮೊದಲೇ ಈ ಸೀಮೆಯ ಗೋಡೆಗಳ ಮೇಲೆ ರೈಲು ಓಡಾಡಿದೆ. ಬರೆದವರಲ್ಲಿ ಎಷ್ಟೋ ಮಂದಿ ರೈಲು ನೋಡಿದವರಲ್ಲ. ಕಲ್ಕತ್ತೆಯಿಂದ ಸೇಟು ತಂದ ಒಂದು ಅಚ್ಚಿನ ಚಿತ್ರ, ಅವನ ಬಾಯಿಮಾತಿನ ವರ್ಣನೆ, ಉಳಿದದ್ದು ತನಗೆ ಗೊತ್ತಿದ್ದ ಲೋಕ: ಕಮಾನು, ಕಿಟಕಿ, ಪೇಟ. ಸೇಟುಗಳ ಹೆಸರು ಬಾಗಿಲ ಮೇಲಿದೆ, ಬೀದಿಗಿದೆ, ಧರ್ಮಶಾಲೆಗಿದೆ. ಈ ರೈಲು ಬರೆದವನ ಹೆಸರು ಎಲ್ಲೂ ಇಲ್ಲ. ಚೇಜಾರಾ ಅನ್ನುತ್ತಾರೆ ಅವರನ್ನು. ಗೋಡೆ ಕಟ್ಟುವವರೂ ಅವರೇ, ಚಿತ್ರ ಬರೆಯುವವರೂ ಅವರೇ. ಹೆಚ್ಚಿನವರು ಕುಂಬಾರರು.

ಕಾಕಾ ಅಷ್ಟರಲ್ಲಿ ಗೋಡೆಗೆ ಕೆನ್ನೆ ಹಚ್ಚಿ ನಿಂತಿದ್ದರು. ಕಾವಲುಗಾರ ಗಾಬರಿಯಾಗಿ ಬಂದ. ಕಾಕಾ ತಮ್ಮ ಹುಬ್ಬಳ್ಳಿ ಹಿಂದಿಯಲ್ಲಿ ಏನೋ ಹೇಳಿದರು. ಆತ ನಕ್ಕು ಹೋದ. "ಕೈ ಇಟ್ಟು ನೋಡೋ. ಇದು ಗಾರೆ ಅಲ್ಲ, ಗಾಜು" ಅಂದರು ನನಗೆ.

ಈ ನಯಕ್ಕೆ ಆರಾಯಿಶ್ ಎಂದು ಹೆಸರು. ಒರಟು ಸುಣ್ಣದ ಗಾರೆಯ ಮೇಲೆ ನುಣುಪು ಗಾರೆ, ಕೊನೆಗೆ ಬಹಳ ದಿನ ಕೊಳೆಸಿದ ಸುಣ್ಣಕ್ಕೆ ಅಮೃತಶಿಲೆಯ ಪುಡಿ ಬೆರೆಸಿದ ತೆಳು ಪದರ. ಅದು ಹಸಿ ಇರುವಾಗಲೇ ಬಣ್ಣ ಹಾಕಬೇಕು. ಹಾಗಾಗಿ ಒಂದು ದಿನಕ್ಕೆ ಎಷ್ಟು ಬರೆಯಲು ಆಗುತ್ತದೋ ಅಷ್ಟೇ ಗೋಡೆಗೆ ಗಾರೆ ಬಳಿಯುವುದು. ಸುಣ್ಣ ಗಾಳಿ ಹೀರಿ ಮತ್ತೆ ಕಲ್ಲಾಗುವಾಗ ಬಣ್ಣವೂ ಅದರೊಳಗೆ ಸೇರಿ ಕಲ್ಲಾಗುತ್ತದೆ. ಆಮೇಲೆ ಹಕೀಕ್ ಎಂಬ ನುಣುಪು ಕಲ್ಲಿನಿಂದ (ಅಗೇಟ್) ತಿಕ್ಕಿ, ಕೊಬ್ಬರಿ ಉಜ್ಜಿ ಹೊಳಪು. ಬಣ್ಣಗಳೂ ಮನೆಯವೇ: ಕಾಡಿಗೆಯ ಕಪ್ಪು, ಸುಣ್ಣದ ಬಿಳಿ, ಕಾವಿ ಮಣ್ಣಿನ ಕೆಂಪು, ಹಸುರು ಮಣ್ಣು, ನೀಲಿ ಗಿಡದ ನೀಲಿ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಜರ್ಮನಿಯ ರಾಸಾಯನಿಕ ಬಣ್ಣ ಬಂತು. ಅಗ್ಗ, ಕಣ್ಣಿಗೆ ಹೊಡೆಯುವ ನೀಲಿ, ಕೆಂಪು. ಒಣಗಿದ ಗೋಡೆಯ ಮೇಲೇ ಬರೆಯಬಹುದು, ಅವಸರವಿಲ್ಲ. ಚಿತ್ರಗಳು ಹೆಚ್ಚು ನಾಜೂಕಾದವು, ಬಾಳಿಕೆ ಕಡಿಮೆಯಾಯಿತು. ಇದು ತಿಳಿದ ಮೇಲೆ ಬೀದಿಯಲ್ಲಿ ನಡೆಯುತ್ತಲೇ ಗೋಡೆಯ ವಯಸ್ಸು ಅಂದಾಜು ಮಾಡಬಹುದು. ಕಾವಿ ಕೆಂಪು, ಹಸುರು ಹೆಚ್ಚಿದ್ದರೆ ಹಳೆಯದು. ಆಕಾಶವೆಲ್ಲ ನೀಲಿಯಾಗಿದ್ದರೆ ಮೊಮ್ಮಕ್ಕಳ ಕಾಲದ್ದು.

ಪೋದಾರ್ ಹವೇಲಿಯ ಬಗ್ಗೆ ನನ್ನದೊಂದು ತಕರಾರಿದೆ. ಚಿತ್ರಗಳಿಗೆ ಹೊಸದಾಗಿ ಬಣ್ಣ ಕೊಟ್ಟಿದ್ದಾರೆ. ಎಲ್ಲ ಫಳಫಳ, ಎಲ್ಲ ಮುಖವೂ ಮೊನ್ನೆ ಬರೆದ ಹಾಗೆ. ಸುಮಾಗೆ ಅದೇ ಇಷ್ಟವಾಯಿತು. "ಅವರ ಕಾಲಕ್ಕ ಹೀಂಗ ಕಾಣತಿತ್ತಲ್ಲ? ಮಸಕಾದ್ದನ್ನ ನೋಡಿ ನೀವು ಖುಷಿಪಡೋದು ನಮ್ಮ ಕಾಲದ ಹುಚ್ಚು ರೀ" ಅಂದಳು. ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಆದರೆ ಸಮೀಪದ ಮೊರಾರ್ಕಾ ಹವೇಲಿಗೆ ಹೋದಾಗ ನನ್ನ ಪಕ್ಷ ಗಟ್ಟಿಯಾಯಿತು. 1900ರ ಸುಮಾರಿಗೆ ಕಟ್ಟಿದ ಮನೆ. ಇಲ್ಲಿ ಹೊಸ ಬಣ್ಣದ ಬದಲು ಹಳೆಯದನ್ನೇ ತೊಳೆದು, ಉದುರುವ ಗಾರೆಯನ್ನು ಹಿಡಿದು ನಿಲ್ಲಿಸಿದ್ದಾರೆ. ಮೂಲ ಕುಂಚದ ಗೆರೆ ದಪ್ಪವಾಗುತ್ತ ತೆಳ್ಳಗಾಗುತ್ತ ಹೋಗುವುದು ಕಾಣುತ್ತದೆ. ಅಲ್ಲಿ ಬರೆದವನ ಕೈ ಇದೆ. ಪೋದಾರ್‌ನಲ್ಲಿ ಚಿತ್ರ ಮಾತ್ರ ಇದೆ.

ಮಧ್ಯಾಹ್ನ ಬಾಲಾ ಕಿಲಾ. ಕೋಟೆ ಅನ್ನುವುದಕ್ಕೆ ಉಳಿದಿರುವುದು ಸ್ವಲ್ಪ; ಉಳಿದದ್ದರಲ್ಲಿ ತರಕಾರಿ ಪೇಟೆ, ಬ್ಯಾಂಕು. ಮಿಠಾಯಿ ಅಂಗಡಿಯೊಂದರ ಒಳಗಿಂದ ಮೆಟ್ಟಿಲು ಹತ್ತಿ ಹೋದರೆ ಮೇಲೊಂದು ಗುಮ್ಮಟದ ಕೋಣೆ. ತಲೆ ಎತ್ತಿದರೆ ಒಳಮೈಯಲ್ಲಿ ಜೈಪುರ ನಗರ, ಎದುರಿಗೆ ನವಲ್‌ಗಢ. ಬೀದಿಗಳು, ಅಂಗಡಿಗಳು, ಆನೆಗಳು, ಕನ್ನಡಿ ಚೂರುಗಳು. ಚಿಕ್ಕ ಊರಿನವರು ತಮ್ಮ ಊರನ್ನು ಜೈಪುರದಷ್ಟೇ ದೊಡ್ಡದಾಗಿ ಬರೆಸಿಕೊಂಡಿದ್ದಾರೆ! ಇಳಿಯುವಾಗ ಪೇಡೆ ಕೊಂಡೆವು. ಕೊಳ್ಳದೆ ಇಳಿಯುವುದು ಕಷ್ಟ.

ಸಂಜೆ ಹೆಸರು ಬೋರ್ಡಿಲ್ಲದ ಒಂದು ಹವೇಲಿಗೆ ನುಗ್ಗಿದೆವು. ಬಾಡಿಗೆಗಿದ್ದ ಕುಟುಂಬ, ಒಳ ಚೌಕದಲ್ಲಿ ಎಮ್ಮೆ, ರಾಸಲೀಲೆಯ ಕೆಳಗೆ ಒಣಹಾಕಿದ ಸ್ವೆಟರುಗಳು. ಬಾಗಿಲ ಮೇಲೆ ಕಮಲದ ಮೇಲೆ ನಿಂತ ಲಕ್ಷ್ಮಿಯನ್ನು ನೋಡಿ ಸುಮಾ "ಇದು ನಮ್ಮಜ್ಜಿ ಮನೆಯ ಪಟ" ಎಂದು ಕೂಗಿದಳು. ಹೌದು, ರವಿವರ್ಮನ ಲಕ್ಷ್ಮಿಯೇ. 1894ರಲ್ಲಿ ಮುಂಬೈಯಲ್ಲಿ ಶುರುವಾದ ಅವನ ಮುದ್ರಣಾಲಯದ ಪಟಗಳು ಒಂದು ಕಡೆ ನಮ್ಮ ಪಡಸಾಲೆಗೆ ಬಂದವು, ಇನ್ನೊಂದು ಕಡೆ ಇಲ್ಲಿನ ಚೇಜಾರಾನ ಕೈಗೆ ಸಿಕ್ಕವು. ಇಲ್ಲಿಯ ಲಕ್ಷ್ಮಿ ಸ್ವಲ್ಪ ದಪ್ಪ, ಮೂಗಿಗೆ ರಾಜಸ್ಥಾನಿ ನತ್ತು.

ಮನೆಯೊಡೆಯರು ಬರುತ್ತಾರಾ ಎಂದು ಕೇಳಿದೆ. ಮೊಮ್ಮಗನ ಜಡೂಲಾಕ್ಕೆ ಬಂದಿದ್ದರು ಎಂದಳು ಆ ಮನೆಯ ಅಜ್ಜಿ. ಮೊದಲ ಕೂದಲು ತೆಗೆಸುವ ಶಾಸ್ತ್ರ, ನಮ್ಮ ಜವಳ. ಮದುವೆಯಾದ ಮೇಲೆ, ಮಗು ಹುಟ್ಟಿದ ಮೇಲೆ ಕುಲದೇವರಿಗೆ ಬರಲೇಬೇಕು. ಉಳಿದಂತೆ ಬೀಗ.

ಶನಿವಾರ: ಪರಸರಾಮಪುರ, ಲಛ್ಮನ್‌ಗಢ, ಫತೇಪುರ

ಪರಸರಾಮಪುರಕ್ಕೆ ಪ್ರವಾಸಿಗರು ಕಡಿಮೆ. ಬೀಗದ ಕೈ ಯಾರ ಮನೆಯಲ್ಲಿದೆ ಎಂದು ಹುಡುಕುವುದರಲ್ಲೇ ಚಹಾ ಆಗುತ್ತದೆ. ಠಾಕೂರ್ ಶಾರ್ದೂಲ್ ಸಿಂಗ್‌ನ ಛತ್ರಿ, ಅಂದರೆ ಸತ್ತವರ ನೆನಪಿಗೆ ಕಟ್ಟುವ ಗುಮ್ಮಟದ ಮಂಟಪ, 1750ರದ್ದು. ಇವನು ಝುಂಝುನು ಗೆದ್ದವನು, ಸತ್ತ ಮೇಲೆ ರಾಜ್ಯ ಐದು ಮಕ್ಕಳಿಗೆ ಹಂಚಿಹೋಯಿತು, ನವಲ್ ಸಿಂಗ್ ಅವರಲ್ಲೊಬ್ಬ. ಗುಮ್ಮಟದ ಒಳಗೆ ರಾಮಾಯಣ, ಯುದ್ಧ, ಒಂಟೆ, ಬೇಟೆ. ಕಾವಿ, ಕಪ್ಪು, ಕಂದು ಬಿಟ್ಟರೆ ಹೆಚ್ಚು ಬಣ್ಣವಿಲ್ಲ. ನಮ್ಮ ಕರಾವಳಿ ಗುಡಿಗಳ ಕಾವಿ ಚಿತ್ರ ನೆನಪಾಯಿತು, ಕ್ರಮ ಬೇರೆಯಾದರೂ. ಎರಡೂವರೆ ಶತಮಾನ ದಾಟಿದ ಗೆರೆ ಇನ್ನೂ ಗಟ್ಟಿ. ಹಿಂದಿನ ದಿನ ನೋಡಿದ ನೀಲಿ ಆಕಾಶಗಳೆಲ್ಲ ಇದರ ಮುಂದೆ ತುಸು ಜಂಬದವು ಅನ್ನಿಸಿದವು. ಇಡೀ ಪ್ರವಾಸದಲ್ಲಿ ಒಂದೇ ಜಾಗ ಆರಿಸು ಅಂದರೆ ನಾನು ಆರಿಸುವುದು ಇದನ್ನೇ.

ಲಛ್ಮನ್‌ಗಢದಲ್ಲಿ ದೊಡ್ಡ ಬಂಡೆಗಳ ಮೇಲೆ ಕೂರಿಸಿದ ಕೋಟೆ. ಈಗ ಖಾಸಗಿಯವರದ್ದು, ಒಳಗೆ ಬಿಡುವುದಿಲ್ಲ. ಇಳಿಜಾರು ದಾರಿ ಹತ್ತಿ ನಿಂತರೆ ಸಾಕು. ಜೈಪುರದ ಮಾದರಿಯಲ್ಲಿ ಚೌಕಾಕಾರ ಬೀದಿಗಳ ಊರು ಪೂರ್ತಿ ಕೆಳಗೆ ಹರಡಿರುತ್ತದೆ, ನಾಲ್ಕು ಅಂಗಳಗಳ ಗನೇಡಿವಾಲಾ ಹವೇಲಿಯನ್ನು ಮೇಲಿನಿಂದಲೇ ಗುರುತಿಸಬಹುದು.

ಫತೇಪುರ ಇವೆಲ್ಲಕ್ಕಿಂತ ಹಳೆಯದು, ಹದಿನೈದನೇ ಶತಮಾನದಲ್ಲಿ ಕಾಯಂಖಾನಿ ಎಂಬ ವಂಶದ ನವಾಬ ಫತೇ ಖಾನ್ ಕಟ್ಟಿದ ಊರು. ಇಲ್ಲಿ ನೋಡಬೇಕಾದ್ದು 1802ರ ಒಂದು ಹವೇಲಿ. ದೇವಡಾ ಮನೆತನದ್ದು, 1998ರಲ್ಲಿ ನಾದಿನ್ ಲ ಪ್ರ್ಯಾಂಸ್ ಎಂಬ ಫ್ರೆಂಚ್ ಚಿತ್ರಕಾರ್ತಿ ಕೊಂಡು, ದುರಸ್ತಿ ಮಾಡಿಸಿ, ಕಲಾಕೇಂದ್ರ ಮಾಡಿದರು. ಕಾಕಾಗೆ ಈ ದುರಸ್ತಿ ಹಿಡಿಸಿತು, ಯಾಕೆಂದರೆ ಸುಣ್ಣಕ್ಕೆ ಸುಣ್ಣವೇ ಹಚ್ಚಿದ್ದರು. ಅದೇ ಬೀದಿಯ ಇನ್ನೊಂದು ಮನೆಯ ಬುಡಕ್ಕೆ ಸಿಮೆಂಟು ಬಳಿದಿತ್ತು.

"ನೋಡು, ಸುಣ್ಣದ ಗ್ವಾಡಿಗೆ ಸಿಮೆಂಟ್ ಹಚ್ಚಿದ್ರ ಹಿಂಗ ಆಗ್ತದ" ಎಂದು ಬೆರಳು ತೋರಿಸಿದರು. "ನೆಲದಾಗಿನ ನೀರು ಗ್ವಾಡಿ ಏರತದ. ಸುಣ್ಣ ಇದ್ರ ಹೊರಗ ಆರಿ ಹೋಗ್ತದ. ಸಿಮೆಂಟ್ ಅದನ್ನ ಬಿಡೂದಿಲ್ಲ. ಮತ್ತ ಮ್ಯಾಲೆ ಏರತದ, ಉಪ್ಪು ಹೊಯ್ಕೊಂಡು."

ಸಿಮೆಂಟಿನ ಪಟ್ಟಿಯ ಮೇಲ್ಗಡೆ, ಒಂದಾಳೆತ್ತರದಲ್ಲಿ, ಚಿತ್ರದ ಗಾರೆ ಹೊಪ್ಪಳೆ ಹೊಪ್ಪಳೆಯಾಗಿ ಎದ್ದಿತ್ತು. ಮೆರವಣಿಗೆಯ ಕುದುರೆಗಳಿಗೆ ಕಾಲಿರಲಿಲ್ಲ. ಅಲ್ಲಿಂದಾಚೆ ನಾನು ನೋಡಿದ ಬಹಳಷ್ಟು ಬೀದಿಗಳಲ್ಲಿ ಚಿತ್ರಗಳು ಹಾಳಾಗಿದ್ದು ಅದೇ ಎತ್ತರದಲ್ಲಿ.

ಭಾನುವಾರ: ಮಂಡಾವಾ

ಮಂಡಾವಾ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಶೇಖಾವತಿ ಅಂದರೆ ಎಲ್ಲ ಕಂಪನಿಗಳೂ ಇಲ್ಲಿಗೇ ಕರೆತರುತ್ತವೆ. ಕೋಟೆ ಹೋಟೆಲಾಗಿದೆ, ಹವೇಲಿಗಳೂ ಹೋಟೆಲಾಗಿವೆ, ಬೀದಿಯಲ್ಲಿ ಹತ್ತು ಹೆಜ್ಜೆಗೊಬ್ಬ ಗೈಡು. ಸಿನಿಮಾ ಯಾವುದು ಎಲ್ಲಿ ಶೂಟಿಂಗ್ ಆಯಿತು ಎಂದು ಹೇಳುವುದರಲ್ಲೇ ಅವರಿಗೆ ಉತ್ಸಾಹ.

ಆದರೂ ಎರಡು ಗೋಡೆಗಳಿಗಾಗಿ ಬರಬೇಕು. ಒಂದು ನೇವಟಿಯಾ ಹವೇಲಿಯದ್ದು, 1920ರ ದಶಕದ್ದು: ವಿಮಾನ ಹಾರಿಸುವ ರೈಟ್ ಸಹೋದರರು, ಟೆಲಿಫೋನ್ ಹಿಡಿದ ಹುಡುಗ, ಕಾರನ್ನು ಹಗ್ಗ ಕಟ್ಟಿ ಎಳೆಯುವ ಪೈಲ್ವಾನ. ಕಲ್ಕತ್ತೆಯಿಂದ ಬಂದ ಸುದ್ದಿಗಳನ್ನೆಲ್ಲ ಒಂದೇ ಗೋಡೆಯ ಮೇಲೆ ಹೇಳಿ ಮುಗಿಸುವ ಅವಸರ. ಇನ್ನೊಂದು ಮುರ್ಮುರಿಯಾ ಹವೇಲಿ, 1930ರ ದಶಕದ್ದು: ವೆನಿಸ್ಸಿನ ಕಾಲುವೆಯಲ್ಲಿ ದೋಣಿ, ಬಾವುಟ ಹಿಡಿದು ಕುದುರೆ ಏರಿದ ನೆಹರೂ. ಒಂದು ಹನಿ ನದಿಯಿಲ್ಲದ ಊರಿನಲ್ಲಿ ವೆನಿಸ್! ಇಲ್ಲಿನ ರೈಲು ಮಾತ್ರ ನವಲ್‌ಗಢದ ರೈಲಲ್ಲ. ಗೇಟು ಹಾಕಿದ ಲೆವೆಲ್ ಕ್ರಾಸಿಂಗ್ ಸಮೇತ ಸರಿಯಾಗಿದೆ; ಬರೆದವನು ನೋಡಿದ್ದಾನೆ. ಸರಿಯಾಗಿರುವುದರಿಂದಲೇ ಸ್ವಲ್ಪ ಸಪ್ಪೆ. ಹೀಗೆ ಸರಿಯಾಗಿ ಬರೆಯಲು ಕಲಿತ ಹೊತ್ತಿಗೇ ಬರೆಸುವವರು ಇಲ್ಲವಾದರು. ಹೆಂಡತಿ ಮಕ್ಕಳನ್ನೂ ಕಲ್ಕತ್ತೆ, ಮುಂಬೈಗೆ ಕರೆದುಕೊಂಡ ಮೇಲೆ ಊರಲ್ಲಿ ಹೊಸ ಗೋಡೆ ಯಾರಿಗೆ ಬೇಕು?

ಸೋಮವಾರ: ರಾಮಗಢ, ಮಹಾನ್ಸರ್

ಉಣ್ಣೆಯ ಮೇಲೆ ಹಾಕಿದ ಸುಂಕಕ್ಕೆ ಸಿಟ್ಟಾಗಿ ಚೂರು ಬಿಟ್ಟು ಬಂದ ಪೋದಾರರು 1791ರಲ್ಲಿ ಕಟ್ಟಿದ ಊರು ರಾಮಗಢ. ಚೂರುವನ್ನೂ ಮೀರಿಸುವ ಊರು ಕಟ್ಟುತ್ತೇವೆ ಎಂದು ಶಪಥ ಮಾಡಿದರು ಎಂಬ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಕಟ್ಟಿದರು ಕೂಡ. ಇವರ ತಾರಾಚಂದ್ ಘನಶ್ಯಾಮದಾಸ್ ಪೇಢಿ ಕಲ್ಕತ್ತೆಯ ದೊಡ್ಡ ಮಾರ್ವಾಡಿ ಪೇಢಿಗಳಲ್ಲೊಂದಾಗಿತ್ತು. ಊರಿಂದ ಹೊಸದಾಗಿ ಬಂದ ಹುಡುಗರಿಗೆ ಅಲ್ಲಿ ಬಾಸಾ ಎಂಬ ವ್ಯವಸ್ಥೆ ಇರುತ್ತಿತ್ತು: ಮಲಗಲು ಜಾಗ, ಊರಿನ ಅಡಿಗೆ, ಜೊತೆಗೆ ಲೆಕ್ಕ ಕಲಿಸುವ ಹಿರಿಯರು. ಹದಿನಾಲ್ಕು ಹದಿನೈದರ ಹುಡುಗರು ಮದುವೆ ಮಾಡಿಕೊಂಡು, ಹೆಂಡತಿಯನ್ನು ಒಳ ಚೌಕದಲ್ಲಿ ಬಿಟ್ಟು ಹೊರಡುತ್ತಿದ್ದರು. ಸುಮಾ ಅಂದು ಪೂರ್ತಿ ಆ ಹೆಂಡತಿಯರ ಬಗ್ಗೆಯೇ ಮಾತಾಡಿದಳು. ಗೋಡೆ ತುಂಬ ಇಲ್ಲಿನ ಜನಪದ ಕಥೆಯ ಪ್ರೇಮಿಗಳಾದ ಢೋಲಾ ಮತ್ತು ಮಾರೂ ಒಂಟೆಯೇರಿ ಓಡಿಹೋಗುವ ಚಿತ್ರ ಇಷ್ಟು ಯಾಕೆ ಎಂದು ಈಗ ಗೊತ್ತಾಯಿತು ಅಂದಳು.

ಚೂರು ರಸ್ತೆಯಲ್ಲಿ ಪೋದಾರರ ಛತ್ರಿಗಳ ಸಾಲು. ರಾಮಗೋಪಾಲ್ ಪೋದಾರ್‌ನದು ಎಲ್ಲಕ್ಕಿಂತ ದೊಡ್ಡದು. ಗುಮ್ಮಟದ ಒಳಗೆ ಸುತ್ತು ಸುತ್ತಾಗಿ ದೇವರು, ಸೈನ್ಯ, ನರ್ತಕಿಯರು. ಕೆಳಗೆ ಆಡುಗಳು ಮಲಗಿದ್ದವು. ಊರೊಳಗೆ ಶನಿ ಗುಡಿ, ಸಣ್ಣದು, ಒಳಗೆಲ್ಲ ಕನ್ನಡಿ ಕೆಲಸ. ಪೇಟೆಯಲ್ಲಿ ಹಳೆ ಬಾಗಿಲು ಮಾರುವ ಅಂಗಡಿಗಳು. ಹವೇಲಿಯಿಂದ ಕಿತ್ತದ್ದೋ, ಮೊನ್ನೆ ಕೆತ್ತಿ ಹೊಗೆಯಲ್ಲಿ ಹಳೆಯದು ಮಾಡಿದ್ದೋ ಎಂದು ಕಾಕಾ ಒಂದೊಂದನ್ನೂ ಬೆರಳಲ್ಲಿ ತಟ್ಟಿ ತೀರ್ಪು ಕೊಟ್ಟರು. ಅಂಗಡಿಯವ ಕೊನೆಗೆ ಚಹಾ ತರಿಸಿದ, ಸುಮ್ಮನಾಗಲಿ ಎಂದು.

ಮಹಾನ್ಸರ್ ಹಳ್ಳಿಯೇ ಸರಿ. ಸೋಂಪು ಹಾಕಿ ಬಟ್ಟಿ ಇಳಿಸುವ ಮದ್ಯಕ್ಕೆ ಹೆಸರಾದದ್ದು. ನಾವು ಬಂದದ್ದು 'ಸೋನೆ ಚಾಂದಿ ಕೀ ದುಕಾನ್' ನೋಡಲು. ಪೋದಾರರ ಚಿನ್ನ ಬೆಳ್ಳಿ ವ್ಯಾಪಾರದ ಕೋಣೆ. ಹೊರಗಿಂದ ಏನೂ ಅನ್ನಿಸದು. ಬಾಗಿಲು ತೆಗೆದಾಗ ಕತ್ತಲೆ, ಕಿಟಕಿ ತೆಗೆದಾಗ ಮೂರು ಕಮಾನಿನ ಚಾವಣಿಯೂ ಒಟ್ಟಿಗೆ ಬೆಳಗಿತು: ಒಂದರಲ್ಲಿ ರಾಮಾಯಣ, ಒಂದರಲ್ಲಿ ಕೃಷ್ಣ, ಒಂದರಲ್ಲಿ ದಶಾವತಾರ, ಎಲ್ಲದರ ಮೇಲೂ ಚಿನ್ನದ ರೇಕು. ಗಿರಾಕಿ ಒಳಗೆ ಬಂದು ಕೂತ ಮೇಲೆ ಚೌಕಾಸಿ ಮಾಡಲು ಬಾಯಿ ಬರಬಾರದು, ಅದಕ್ಕೇ ಇಷ್ಟೆಲ್ಲ ಎಂದರು ಕಾಕಾ. ಬಿಸಿಲು ಮಳೆ ತಾಗದ ಒಳಕೋಣೆಯಾದ್ದರಿಂದ ಬಣ್ಣ ಹಾಗೇ ಉಳಿದಿದೆ. ಬೀಗದ ಕೈ ಇದ್ದ ಹುಡುಗ ಫೋಟೋಗೆ ಅವಸರ ಮಾಡಲಿಲ್ಲ. ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತ ಕೂತಿದ್ದ.

ಹೋಗುವವರಿಗೆ ಒಂದೆರಡು ಮಾತು. ನವಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ, ದಪ್ಪ ಸ್ವೆಟರ್ ಬೇಕೇ ಬೇಕು. ವಾಸಕ್ಕೆ ಮಂಡಾವಾಕ್ಕಿಂತ ನವಲ್‌ಗಢ ವಾಸಿ. ಅಗ್ಗ, ಊರೂ ಊರಿನ ಹಾಗಿದೆ. ಊರೂರಿನ ನಡುವೆ ಬಸ್ಸು ಇದೆ, ಆದರೆ ಪರಸರಾಮಪುರ, ಮಹಾನ್ಸರ್‌ಗೆ ಕಾರೇ ಅನುಕೂಲ. ಮ್ಯೂಸಿಯಂ ಬಿಟ್ಟು ಉಳಿದ ಕಡೆ ಟಿಕೆಟ್ ಅಪರೂಪ, ಕಾವಲಿನವನ ಕೈಗೆ ಕೊಡುವುದೇ ಟಿಕೆಟ್ಟು. ಐವತ್ತರ, ನೂರರ ನೋಟು ಸಾಕಷ್ಟಿರಲಿ. ಒಂದು ಟಾರ್ಚೂ ಇರಲಿ, ಛತ್ರಿಗಳ ಗುಮ್ಮಟದೊಳಗೆ ಮಧ್ಯಾಹ್ನವೂ ಕತ್ತಲು.